ಬೆಣಚುಕಲ್ಲು, ಕಫ, ಕರೆಂಟು: ಕೆಜಿಎಫ್‌ನಿಂದ ನೋಡಿದ ಡಿಎನ್‌ಎ ಕಥೆ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ್ ಸ್ಟೇಷನ್ ದಾಟಿ ಮುಂದೆ ಹೋದರೆ ಬೂದು ಬಣ್ಣದ ದಿಬ್ಬಗಳು ಕಾಣುತ್ತವೆ. ಹೊಸಬರು ಅದನ್ನು ಗುಡ್ಡ ಅಂದುಕೊಳ್ಳುತ್ತಾರೆ. ಈ ಕಡೆಯವರಿಗೆ ಅದು ಸಯನೈಡ್ ದಿಬ್ಬ. ಕಲ್ಲನ್ನು ಹಿಟ್ಟು ಮಾಡಿ, ಅದರೊಳಗಿನ ಚಿನ್ನ ತೆಗೆದುಕೊಂಡು, ಬೇಡವಾದ್ದನ್ನು ಸುರಿದ ರಾಶಿ. ಸುಮಾರು 120 ವರ್ಷದಲ್ಲಿ ಇಲ್ಲಿಂದ ಹೋದ ಚಿನ್ನ 800 ಟನ್ ಎಂದು ಲೆಕ್ಕ ಹೇಳುತ್ತಾರೆ. ಬಿಟ್ಟುಹೋದ ಹಿಟ್ಟು ಅದರ ಎಷ್ಟೋ ಸಾವಿರ ಪಟ್ಟು. ಗಾಳಿ ಎದ್ದ ದಿನ ಆ ಹಿಟ್ಟು ಈಗಲೂ ಮನೆಯೊಳಗೆ ಬರುತ್ತದೆ.

ಬೇಕಾದ್ದು ಚಿಟಿಕೆಯಷ್ಟು, ಬೇಡವಾದ್ದು ಬೆಟ್ಟದಷ್ಟು. ಇದರಲ್ಲಿ ಅದನ್ನು ಬೇರೆ ಮಾಡುವುದು ಹೇಗೆ? ಕೆಜಿಎಫ್‌ನ ಇಡೀ ಚರಿತ್ರೆ ಈ ಪ್ರಶ್ನೆಯ ಮೇಲೆ ನಿಂತಿದೆ. ಈ ಸಲ ನಾವು ಬರೆಯುತ್ತಿರುವುದು ಚಿನ್ನದ ಬಗ್ಗೆ ಅಲ್ಲ. ಕಫ, ರಕ್ತ, ಕೀವು ಇಂಥವುಗಳಲ್ಲಿ ಅಡಗಿರುವ ಡಿಎನ್‌ಎ ಎಂಬ ಎಳೆಯನ್ನು ಹೊರತೆಗೆಯುವ ಕೆಲಸದ ಬಗ್ಗೆ. ಆ ಕೆಲಸವನ್ನು ಕರೆಂಟಿನಿಂದ ಬೇಗ ಮಾಡುವ ದಾರಿ ಈಚೆಗೆ ಸಿಕ್ಕಿದೆ. ಇದಕ್ಕೂ ಕೆಜಿಎಫ್‌ಗೂ ಏನು ಸಂಬಂಧ ಅಂತ ಕೇಳಬಹುದು. ಇದೆ. ಸ್ವಲ್ಪ ಹಿಂದಿನಿಂದ ಬರೋಣ.

ಕಂಪನಿ ಬರುವ ಮೊದಲೂ ಇಲ್ಲಿನ ಜನ ಮಣ್ಣು ತೊಳೆದು ಚಿನ್ನ ಆಯುತ್ತಿದ್ದರು. 1802ರಲ್ಲಿ ಜಾನ್ ವಾರನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅದನ್ನು ಕಣ್ಣಾರೆ ನೋಡಿ ಬರೆದಿಟ್ಟ. ಅವರ ವಿದ್ಯೆ ನಮ್ಮ ಮನೆಗಳಲ್ಲಿ ಅಕ್ಕಿಯ ಕಲ್ಲು ಗಾಲಿಸುವಂಥದ್ದೇ: ನೀರು ಹಗುರಾದ್ದನ್ನು ಒಯ್ಯುತ್ತದೆ, ಭಾರದ್ದು ತಳದಲ್ಲಿ ಕೂರುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಕೆಲಸ ಬೇರೆಯೇ ಆಯಿತು. ನೆಲದೊಳಗಿನ ಬೆಣಚುಕಲ್ಲನ್ನು ಸಿಡಿಸಿ ಮೇಲೆ ತರಬೇಕು, ಗಿರಣಿಯಲ್ಲಿ ಕುಟ್ಟಿ ಪುಡಿ ಮಾಡಬೇಕು, ಪಾದರಸಕ್ಕೆ ಹಿಡಿಸಬೇಕು. ಆದರೂ ನುಣ್ಣನೆಯ ಚಿನ್ನ ಪುಡಿಯಲ್ಲೇ ಉಳಿದುಬಿಡುತ್ತಿತ್ತು. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ಅದಕ್ಕೆ ಉಪಾಯ ಕಂಡರು. ಸಯನೈಡ್ ನೀರಿನಲ್ಲಿ ಚಿನ್ನ ಕರಗುತ್ತದೆ, ಕಲ್ಲು ಕರಗುವುದಿಲ್ಲ. ಆ ನೀರನ್ನು ಬಸಿದು ಸತುವಿನ ಮೇಲೆ ಹರಿಸಿದರೆ ಚಿನ್ನ ಸತುವಿಗೆ ಅಂಟಿಕೊಳ್ಳುತ್ತದೆ. ಒಡೆ, ಕರಗಿಸು, ಯಾವುದಾದರೊಂದಕ್ಕೆ ಅಂಟಿಸು, ತೊಳೆ, ಬಿಡಿಸಿಕೋ. ಈ ಐದು ಹೆಜ್ಜೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತವೆ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೊಂಡ ಯೋಜನೆ, ಶಿವನಸಮುದ್ರದ ನೀರಿನ ಬಲ, ಅಲ್ಲಿಂದ 92 ಮೈಲಿ ತಂತಿ. 1902ರ ಜೂನ್ 30ರಂದು ಕರೆಂಟು ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಈ ಮೂರು ವರ್ಷದ ಮುಂದಾಳತ್ವದ ಬಗ್ಗೆ ನಮ್ಮಲ್ಲಿ ಹೆಮ್ಮೆ ಬಹಳ, ತಪ್ಪೇನಿಲ್ಲ. ಆದರೆ ಆ ಕರೆಂಟು ಬಂದದ್ದು ಕಲ್ಲು ಕುಟ್ಟುವ ಗಿರಣಿಗೆ, ಕೆಳಗಿನ ಗಾಳಿ-ನೀರು ಎಳೆಯುವ ಯಂತ್ರಗಳಿಗೆ. ಗಿರಣಿ ಜೋರಾಗಿ ಓಡಿತು, ಗಣಿ ಆಳಕ್ಕೆ ಹೋಯಿತು. ಚಾಂಪಿಯನ್ ರೀಫ್ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಷ್ಟೇ ಜೋರಾಗಿ ಧೂಳೂ ಎದ್ದಿತು.

ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೇ ಅಪಾಯ. ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಹೊರಗೆ ಬರುತ್ತದೆ. ಸಣ್ಣದು ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಮತ್ತೆ ಬರುವುದಿಲ್ಲ. ಅಲ್ಲಿ ಗಾಯ, ಗಾಯದ ಮೇಲೆ ಗಂಟು. ಉಸಿರು ಗಟ್ಟುತ್ತಾ ಹೋಗುತ್ತದೆ. ಇದರ ಹೆಸರು ಸಿಲಿಕೋಸಿಸ್. ಆಗಿನ ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ನಂತರದ ಆರು ವರ್ಷ ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷೆ ನಡೆದು, 1947ರಲ್ಲಿ ಲೆಕ್ಕ ಹೊರಗೆ ಬಂತು. ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್. ಇಂಡಿಯಾದ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಈ ಕಾಯಿಲೆಯ ಪಾಠದಲ್ಲಿ ಈಗಲೂ ಕೋಲಾರದ ಹೆಸರು ಬರುತ್ತದೆ. ಚಿನ್ನಕ್ಕೆ ಬರುವ ಹೆಸರನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ.

ಸಿಲಿಕಾ ಒಬ್ಬನೇ ಬರುವುದಿಲ್ಲ, ಬೆನ್ನಿಗೆ ಟಿಬಿಯನ್ನು ಕರೆದುಕೊಂಡು ಬರುತ್ತದೆ. ನಮ್ಮ ಶ್ವಾಸಕೋಶದಲ್ಲಿ ಕಾವಲುಗಾರ ಜೀವಕೋಶಗಳಿವೆ. ಹೊರಗಿನಿಂದ ಬಂದದ್ದನ್ನು ನುಂಗಿ ಮುಗಿಸುವುದು ಅವುಗಳ ಕೆಲಸ. ಟಿಬಿ ಕ್ರಿಮಿಯನ್ನೂ ಅವೇ ಎದುರಿಸಬೇಕು. ಸಿಲಿಕಾ ಕಣವನ್ನು ನುಂಗಿದ ಕಾವಲುಗಾರ ತಾನೇ ಸಾಯುತ್ತಾನೆ. ಕಾವಲು ಇಲ್ಲದ ಮನೆಗೆ ಕ್ಷಯ ನುಗ್ಗುವುದು ಸುಲಭ. ಹಾಗಾಗಿ ಧೂಳು ಕುಡಿದ ಎದೆಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಗಣಿ ಬಿಟ್ಟು ಎಷ್ಟೋ ವರ್ಷ ಆದ ಮೇಲೂ ಇದು ತಪ್ಪುವುದಿಲ್ಲ. ಎರಡಕ್ಕೂ ಕೆಮ್ಮು, ಎರಡಕ್ಕೂ ಸುಸ್ತು, ಎಕ್ಸ್‌ರೇಯಲ್ಲಿ ಎರಡೂ ಕಲೆಯೇ. ಯಾವುದು ಧೂಳು, ಯಾವುದು ಕ್ರಿಮಿ ಅಂತ ಹೇಳುವುದು ಅನುಭವಿ ಡಾಕ್ಟರಿಗೂ ಕಷ್ಟ. ಕ್ರಿಮಿಯನ್ನೇ ಹಿಡಿದು ತೋರಿಸಬೇಕು.

ಹಿಡಿಯುವುದು ಹೇಗೆ? 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಟಿಬಿ ಕ್ರಿಮಿಯನ್ನು ತೋರಿಸಿದ. ಅಲ್ಲಿಂದ ನೂರು ವರ್ಷ ಮುಖ್ಯವಾಗಿ ಎರಡೇ ದಾರಿ. ಒಂದು, ಕಫವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು. ಅಗ್ಗ, ಅದೇ ದಿನ ಆಗುತ್ತದೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ಕ್ರಿಮಿ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಎರಡನೆಯದು, ಕಫದಲ್ಲಿರುವ ಕ್ರಿಮಿಗೆ ಮೇವು ಹಾಕಿ ಪ್ರಯೋಗಾಲಯದಲ್ಲಿ ಬೆಳೆಸುವುದು. ಇದು ಖಚಿತ, ಆದರೆ ಟಿಬಿ ಕ್ರಿಮಿ ಬಹಳ ಸೋಮಾರಿ. ಗಟ್ಟಿ ಮೇವಿನಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ಆರೆಂಟು ವಾರ ಬೇಕು. ನಮ್ಮ ಕಡೆ ರಾಗಿ ಬಿತ್ತಿ ತೆನೆ ಬರುವುದನ್ನು ಕಾಯುವ ಹಾಗೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನವರು ಹಳ್ಳಿ ಹಳ್ಳಿ ತಿರುಗಿ ಮಾಡಿದ ಅಧ್ಯಯನಗಳ ಮೇಲೆ ದೇಶದ ಟಿಬಿ ಕಾರ್ಯಕ್ರಮ ರೂಪುಗೊಂಡಿತು. ಕೆಮ್ಮು ಇರುವವರು ತಾವಾಗೇ ಹತ್ತಿರದ ಆಸ್ಪತ್ರೆಗೆ ಬರುತ್ತಾರೆ, ಅಲ್ಲೇ ಅವರ ಕಫ ನೋಡಿ ಎಂಬುದು ಆ ಕಾರ್ಯಕ್ರಮದ ತಿರುಳು. ಒಳ್ಳೆಯ ಯೋಚನೆ. ಆದರೆ ಕ್ರಿಮಿ ಕಡಿಮೆ ಇರುವವರು ಆ ಸೂಕ್ಷ್ಮದರ್ಶಕದಿಂದ ತಪ್ಪಿಸಿಕೊಳ್ಳುತ್ತಲೇ ಇದ್ದರು.

ಕ್ರಿಮಿಯನ್ನು ಕಾಣಲಾಗದಿದ್ದರೆ ಅದರ ಡಿಎನ್‌ಎ ಹಿಡಿಯಬಹುದು. ಪ್ರತಿ ಜೀವಿಗೂ ತನ್ನದೇ ಡಿಎನ್‌ಎ ಬರಹ ಇದೆ. ಅಂಕಿತವೇ ಸಿಕ್ಕ ಮೇಲೆ ಆಳನ್ನು ಹುಡುಕಬೇಕಿಲ್ಲ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಪಿಸಿಆರ್ ವಿಧಾನದಲ್ಲಿ ಕೆಲವೇ ಎಳೆ ಡಿಎನ್‌ಎಯನ್ನು ಗಂಟೆಗಳಲ್ಲಿ ಕೋಟಿ ಕೋಟಿ ಪ್ರತಿ ಮಾಡಬಹುದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಆರ್‌ಟಿಪಿಸಿಆರ್ ಇದರ ತಮ್ಮ. ಆದರೆ ಪಿಸಿಆರ್‌ಗೆ ಒಂದು ಚಾಳಿ: ಕೊಳೆ ಇದ್ದರೆ ಕೆಲಸ ಮಾಡುವುದಿಲ್ಲ. ಕಫದ ಲೋಳೆ, ರಕ್ತದ ಕೆಂಪು, ಉಪ್ಪು ಯಾವುದಾದರೂ ಅದನ್ನು ಕೆಡಿಸಬಹುದು. ಕ್ರಿಮಿ ಇದ್ದರೂ 'ಇಲ್ಲ' ಅಂತ ಉತ್ತರ ಬರುತ್ತದೆ. ಆದ್ದರಿಂದ ಮೊದಲು ಶುದ್ಧಿ ಆಗಬೇಕು. ಪರೀಕ್ಷೆಯ ಅರ್ಧ ಹೊತ್ತು, ಅರ್ಧ ತಲೆನೋವು ಇಲ್ಲೇ.

ಡಿಎನ್‌ಎ ಮೊದಲ ಸಲ ಕೈಗೆ ಸಿಕ್ಕದ್ದೇ ಕೊಳೆಯಿಂದ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಯುವಕ ಹಳೆಯ ಕೋಟೆಮನೆಯ ಅಡುಗೆಕೋಣೆಯಲ್ಲಿದ್ದ ಪ್ರಯೋಗಾಲಯದಲ್ಲಿ ಕೂತು ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಲ್ಲಿ ಗಾಯಕ್ಕೆ ಕಟ್ಟಿ ಬಿಚ್ಚಿದ ಬಟ್ಟೆಗಳನ್ನು ತರಿಸಿ, ಅದರ ಕೀವು ತೊಳೆದು, ಅದರೊಳಗೆ ಹಿಂದೆ ಯಾರೂ ಕಂಡಿರದ ಒಂದು ಬಿಳಿ ವಸ್ತುವನ್ನು ಬೇರೆ ಮಾಡಿದ. ನ್ಯೂಕ್ಲಿನ್ ಅಂತ ಹೆಸರಿಟ್ಟ. ಅದೇ ಮುಂದೆ ಡಿಎನ್‌ಎ ಆಯಿತು. ಬಟ್ಟೆ ನಾತ ಬರುತ್ತಿದ್ದರೆ ಅದು ಕೆಟ್ಟಿದೆ ಎಂದು ಬಿಸಾಡುತ್ತಿದ್ದನಂತೆ. ತೀರಾ ನಾಜೂಕಿನ ಕೆಲಸ.

ಅಲ್ಲಿಂದ ನೂರು ವರ್ಷ ಪ್ರಯೋಗಾಲಯಗಳಲ್ಲಿ ನಡೆದದ್ದು ಹೆಚ್ಚುಕಡಿಮೆ ನಮ್ಮ ಗಿರಣಿಯ ಕೆಲಸವೇ. ಜೀವಕೋಶ ಒಡೆ, ಕರಗಿಸು, ಫೀನಾಲ್ ಹಾಕಿ ಕಲಕು, ಬೇರೆ ಬೇರೆ ಪದರವಾದ ಮೇಲೆ ಬೇಕಾದ್ದನ್ನು ಎತ್ತಿಕೋ. ಫೀನಾಲ್ ಕೈ ಸುಡುವ ವಿಷ. 1979ರಲ್ಲಿ ಅಮೆರಿಕದ ಫೋಗಲ್‌ಸ್ಟೈನ್ ಮತ್ತು ಗಿಲೆಸ್ಪಿ ಗಾಜಿನ ಪುಡಿ ಬಳಸಿದರು. ಗಟ್ಟಿ ಉಪ್ಪಿನ ದ್ರಾವಣದಲ್ಲಿ ಡಿಎನ್‌ಎ ಗಾಜಿಗೆ ಅಂಟುತ್ತದೆ. 1990ರಲ್ಲಿ ನೆದರ್ಲೆಂಡ್ಸ್‌ನ ಬೂಮ್ ಮತ್ತು ಅವರ ಗೆಳೆಯರು ಗಾಜಿನ ಬದಲು ಶುದ್ಧ ಸಿಲಿಕಾ ಪುಡಿ ತಂದು ಇಡೀ ಕೆಲಸವನ್ನು ಸರಳ ಮಾಡಿದರು. ಡಿಎನ್‌ಎ ಸಿಲಿಕಾಕ್ಕೆ ಅಂಟಿದಾಗ ಉಳಿದ ಕೊಳೆಯನ್ನು ಆಲ್ಕೋಹಾಲಿನಿಂದ ತೊಳೆದುಬಿಡುವುದು, ಆಮೇಲೆ ತೆಳು ನೀರಿನಲ್ಲಿ ಬಿಡಿಸಿಕೊಳ್ಳುವುದು. ಈಗ ಜಗತ್ತಿನ ಲ್ಯಾಬುಗಳಲ್ಲಿ ಬಳಸುವ ಬಹಳಷ್ಟು ಡಿಎನ್‌ಎ ಕಿಟ್‌ಗಳ ಒಳಗೆ ಇರುವುದು ಇದೇ ಸಿಲಿಕಾ. ಸಯನೈಡ್ ಕಾರ್ಖಾನೆಯಲ್ಲಿ ಸತು ಮಾಡಿದ್ದನ್ನು ಕಿಟ್‌ನಲ್ಲಿ ಅದು ಮಾಡುತ್ತದೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಯಿತು. ಯಾವ ಬೆಣಚುಕಲ್ಲಿನ ಧೂಳು ನಮ್ಮ ತಾತಂದಿರ ಎದೆಯಲ್ಲಿ ಕೂತು ಟಿಬಿಗೆ ಬಾಗಿಲು ತೆರೆಯಿತೋ, ಅದೇ ವಸ್ತು ಕಿಟ್‌ನೊಳಗೆ ಕೂತು ಟಿಬಿಯನ್ನು ಹಿಡಿದು ಕೊಡುತ್ತದೆ. ಒಂದು ಶ್ವಾಸಕೋಶದೊಳಗೆ, ಇನ್ನೊಂದು ಪ್ಲಾಸ್ಟಿಕ್ ಕೊಳವೆಯೊಳಗೆ.

ಈ ಸಿಲಿಕಾ ವಿಧಾನಕ್ಕೂ ಮಿತಿ ಇದೆ. ಅಂಟಿಸಲು ಹಾಕುವ ಗಟ್ಟಿ ಉಪ್ಪು ಪಿಸಿಆರ್‌ಗೆ ಶತ್ರು. ಹಾಗಾಗಿ ಮತ್ತೆ ಮತ್ತೆ ತೊಳೆಯಬೇಕು, ಗಿರ್ರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸುತ್ತಿಸಬೇಕು, ತರಬೇತಿ ಇರುವ ಕೈ ಬೇಕು. ಪ್ರತಿ ತೊಳೆತದಲ್ಲೂ ಒಂದಿಷ್ಟು ಡಿಎನ್‌ಎ ಕಳೆದುಹೋಗುತ್ತದೆ. ಕ್ರಿಮಿ ಕಡಿಮೆ ಇರುವ ರೋಗಿಗೆ ಅದೇ ನಷ್ಟ. 2020ರ ಬೇಸಿಗೆಯಲ್ಲಿ ಕೋವಿಡ್ ಬಂದಾಗ ಇದರ ಇನ್ನೊಂದು ಮುಖ ಕಂಡಿತು. ಪಿಸಿಆರ್ ಯಂತ್ರ ಇದ್ದರೂ ಅದಕ್ಕೆ ಮುಂಚೆ ಬೇಕಾದ ಶುದ್ಧಿಯ ಕಿಟ್‌ಗೆ ಜಗತ್ತಿನ ತುಂಬಾ ಬರ ಬಿತ್ತು.

ಈಗ ಕರೆಂಟಿಗೆ ಬರೋಣ. ಡಿಎನ್‌ಎಗೆ ಹುಟ್ಟಿನಿಂದಲೇ ಋಣ ವಿದ್ಯುತ್ತು ಇದೆ. ಅದರ ಬೆನ್ನೆಲುಬಿನ ಫಾಸ್ಫೇಟ್‌ಗಳಿಂದ ಬಂದದ್ದು. ನೀರಿನಲ್ಲಿ ಡಿಎನ್‌ಎ ಇಟ್ಟು ಎರಡು ತುದಿಗೆ ಬ್ಯಾಟರಿಯ ಎರಡು ತಂತಿ ಮುಳುಗಿಸಿದರೆ ಡಿಎನ್‌ಎ ಧನದ ಕಡೆ ಹೊರಡುತ್ತದೆ. ಕರೆಂಟಿನಿಂದ ಕಣಗಳು ನೀರಿನಲ್ಲಿ ಚಲಿಸುತ್ತವೆ ಎಂದು ಕಂಡದ್ದು ಬಹಳ ಹಿಂದೆ. 1807ರ ಹೊತ್ತಿಗೆ ಮಾಸ್ಕೋದಲ್ಲಿ ಫರ್ಡಿನಾಂಡ್ ರಾಯ್ಸ್ ಒದ್ದೆ ಜೇಡಿಮಣ್ಣಿಗೆ ಕರೆಂಟು ಕೊಟ್ಟು ಮಣ್ಣಿನ ಕಣ ಸರಿಯುವುದನ್ನು ನೋಡಿದ್ದ. ಆ ಕುತೂಹಲವನ್ನು ಅಳತೆಯ ಸಾಧನವಾಗಿ ಮಾಡಿದವರು ಸ್ವೀಡನ್ನಿನ ಅರ್ನೆ ಟಿಸೇಲಿಯಸ್. 1937ರಲ್ಲಿ ಅವರ ಯಂತ್ರ ರಕ್ತದ ಪ್ರೋಟೀನುಗಳನ್ನು ಕರೆಂಟಿನಿಂದಲೇ ಬೇರೆ ಬೇರೆ ಮಾಡಿ ತೋರಿಸಿತು. 1948ರಲ್ಲಿ ನೊಬೆಲ್ ಬಂತು. 1970ರ ದಶಕದಿಂದ ಕಡಲಪಾಚಿಯ ಜೆಲ್ಲಿಯಲ್ಲಿ ಡಿಎನ್‌ಎ ಓಡಿಸುವುದು ಎಲ್ಲ ಕಡೆ ರೂಢಿಯಾಯಿತು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಅಂತ ಮಾರುತ್ತಾರಲ್ಲ, ಅದರ ಜಾತಿಯದೇ. ಜೆಲ್ಲಿಯೊಳಗೆ ಸಣ್ಣ ತುಂಡು ಬೇಗ ನುಸುಳುತ್ತದೆ, ಉದ್ದದ್ದು ಹಿಂದೆ ಬೀಳುತ್ತದೆ.

ಜೆಲ್ಲಿ ಡಿಎನ್‌ಎಯನ್ನು ಅಳತೆಯ ಪ್ರಕಾರ ಬಿಡಿಸುತ್ತದೆ, ಹರಡುತ್ತದೆ. ಶುದ್ಧಿ ಮಾಡುವವನಿಗೆ ಬೇಕಾದ್ದು ಇದಕ್ಕೆ ತಿರುಗಮುರುಗ: ಚೆದುರಿದ್ದನ್ನು ಒಂದೆಡೆ ಗುಡ್ಡೆ ಹಾಕುವುದು. ಅದಕ್ಕೆ ಇನ್ನೊಂದು ವಿದ್ಯೆ ಇದೆ, ಐಸೋಟ್ಯಾಕೋಫೊರೆಸಿಸ್. ಹೆಸರು ಉದ್ದ, ಅರ್ಥ ಚಿಕ್ಕದು: ಎಲ್ಲರೂ ಒಂದೇ ವೇಗದಲ್ಲಿ ಸಾಗುವುದು.

ಊರ ತೇರಿನ ಮೆರವಣಿಗೆ ನೆನೆಸಿಕೊಳ್ಳಿ. ಮುಂದೆ ಚುರುಕು ಕಾಲಿನ ತಮಟೆಯವರು, ಹಿಂದೆ ನಿಧಾನದ ತೇರು, ನಡುವೆ ಜನ. ಮುಂದಿನವರನ್ನು ದಾಟಿ ಹೋಗುವಂತಿಲ್ಲ, ತೇರಿಗಿಂತ ಹಿಂದೆ ಬೀಳುವಂತಿಲ್ಲ. ಸಣ್ಣ ಕಾಲುವೆಯಂಥ ಕೊಳವೆಯಲ್ಲೂ ಹೀಗೇ. ಮುಂದೆ ಡಿಎನ್‌ಎಗಿಂತ ಚುರುಕಾದ ಅಯಾನುಗಳ ದ್ರಾವಣ, ಹಿಂದೆ ಅದಕ್ಕಿಂತ ಮಂದವಾದ ಅಯಾನುಗಳದ್ದು. ಕರೆಂಟು ಹರಿಸಿದಾಗ ಮುಂದಿನ ಭಾಗದಲ್ಲಿ ವಿದ್ಯುತ್ತಿನ ಎಳೆತ ಕಡಿಮೆ, ಹಿಂದಿನ ಭಾಗದಲ್ಲಿ ಜಾಸ್ತಿ ಆಗುತ್ತದೆ. ಡಿಎನ್‌ಎ ಎಳೆಯೊಂದು ಹಿಂದೆ ಜಾರಿದರೆ ಅಲ್ಲಿನ ಜೋರು ಎಳೆತ ಅದನ್ನು ಮುಂದಕ್ಕೆ ನೂಕುತ್ತದೆ. ಮುಂದೆ ಹೋದರೆ ಅಲ್ಲಿ ಎಳೆತ ಸಾಲದೆ ನಿಧಾನವಾಗುತ್ತದೆ. ಹೀಗೆ ಎಲ್ಲ ಡಿಎನ್‌ಎ ಆ ಗಡಿಯಲ್ಲಿ ಒಂದು ತೆಳು ಪಟ್ಟಿಯಾಗಿ ಒತ್ತೊತ್ತಾಗಿ ಸೇರುತ್ತದೆ. ಪಿಸಿಆರ್ ಕೆಡಿಸುವ ಕೊಳೆಯಲ್ಲಿ ಹೆಚ್ಚಿನದಕ್ಕೆ ಆ ವೇಗ ಇಲ್ಲ, ಹಿಂದೆ ಉಳಿಯುತ್ತದೆ. ಜೆಲ್ಲಿ ಇಲ್ಲದ ದ್ರವದಲ್ಲಿ ಉದ್ದ ಡಿಎನ್‌ಎ, ಗಿಡ್ಡ ಡಿಎನ್‌ಎ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವುದರಿಂದ ಎಲ್ಲವೂ ಒಟ್ಟಿಗೆ ಸಿಗುತ್ತದೆ. ಅಂಟಿಸುವ ಸಿಲಿಕಾ ಬೇಡ, ತೊಳೆಯುವ ಆಲ್ಕೋಹಾಲ್ ಬೇಡ, ತಿರುಗಿಸುವ ಯಂತ್ರ ಬೇಡ. ಐದು ಹೆಜ್ಜೆಯಲ್ಲಿ ಕೊನೆಯ ಮೂರನ್ನು ಕರೆಂಟು ಒಂದೇ ಓಟದಲ್ಲಿ ಮುಗಿಸುತ್ತದೆ.

ಇದರ ಗಣಿತದ ಬುನಾದಿ 1897ರಲ್ಲೇ ಜರ್ಮನಿಯ ಕೋಲ್‌ರಾಶ್ ಹಾಕಿದ್ದ. ರೋಗಪರೀಕ್ಷೆಗೆ ಅದನ್ನು ಪಳಗಿಸಿದವರಲ್ಲಿ ಮುಖ್ಯರು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಹ್ವಾನ್ ಸಾಂಟಿಯಾಗೊ. 2009ರಲ್ಲಿ ಅವರ ತಂಡ ಇಡೀ ರಕ್ತದಿಂದಲೇ ಹೀಗೆ ಡಿಎನ್‌ಎ ತೆಗೆದು ತೋರಿಸಿತು. 2020ರ ನವೆಂಬರಿನಲ್ಲಿ ಅದೇ ಪ್ರಯೋಗಾಲಯದ ಅಶ್ವಿನ್ ರಾಮಚಂದ್ರನ್ ಮತ್ತು ಗೆಳೆಯರು ಮೂಗಿನ ಸ್ವಾಬಿನಿಂದ ಕೋವಿಡ್ ವೈರಸ್ಸಿನ ಆರ್‌ಎನ್‌ಎಯನ್ನು ಕರೆಂಟಿನಿಂದಲೇ ಬೇರೆ ಮಾಡಿ, ಕ್ರಿಸ್ಪರ್ ವಿಧಾನದಿಂದ ಗುರುತಿಸಿ, ಸುಮಾರು 35 ನಿಮಿಷದಲ್ಲಿ ಉತ್ತರ ಪಡೆದದ್ದನ್ನು ಪ್ರಕಟಿಸಿದರು. ಇದೇ ತತ್ವದ ಯಂತ್ರವೊಂದನ್ನು ಕ್ಯಾಲಿಫೋರ್ನಿಯಾದ ಪ್ಯೂರಿಜೆನ್ ಕಂಪನಿ ಪ್ರಯೋಗಾಲಯಗಳಿಗೆ ಮಾರುಕಟ್ಟೆಗೂ ತಂದಿತು.

ಹಾಗಂತ ನಾಳೆಯೇ ಇದು ಬಂಗಾರಪೇಟೆ ಆಸ್ಪತ್ರೆಗೆ ಬರುತ್ತದೆ ಎಂದು ನಾವು ಹೇಳುವುದಿಲ್ಲ. ಕಫ ರಕ್ತದಷ್ಟು ಸುಲಭದ ವಸ್ತುವಲ್ಲ. ಲೋಳೆ ಕರಗಿಸಬೇಕು. ಟಿಬಿ ಕ್ರಿಮಿಗೆ ಮೇಣದಂಥ ಗಟ್ಟಿ ಗೋಡೆ ಇದೆ, ಅದನ್ನು ಒಡೆಯದೆ ಡಿಎನ್‌ಎ ಹೊರಗೆ ಬರುವುದಿಲ್ಲ. ಕರೆಂಟು ಆ ಗೋಡೆ ಒಡೆದು ಕೊಡುವುದಿಲ್ಲ, ಒಡೆದ ಮೇಲಿನ ಕೆಲಸ ಅದರದು. ಮಾದರಿಯಲ್ಲಿ ಉಪ್ಪು ಜಾಸ್ತಿ ಇದ್ದರೆ ಓಟ ನಿಧಾನವಾಗುತ್ತದೆ. ಕರೆಂಟು ಹೆಚ್ಚು ಕೊಟ್ಟರೆ ದ್ರಾವಣ ಕಾಯುತ್ತದೆ. ಕಲ್ಲು ಕುಟ್ಟುವ ಕಷ್ಟ ಮೊದಲೇ ಇರುತ್ತದೆ ಅನ್ನುವುದು ಗಣಿ ಊರಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಸದ್ಯ ನಮ್ಮ ಕೈಗೆ ಸಿಗುವುದು ಬೇರೆ ಎರಡು ಯಂತ್ರ. ಜೀನ್‌ಎಕ್ಸ್‌ಪರ್ಟ್ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2010ರ ಕೊನೆಯಲ್ಲಿ ಟಿಬಿಗೆ ಒಪ್ಪಿತು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಸಿಬಿನಾಟ್ ಅನ್ನುತ್ತಾರೆ. ಎರಡು ಗಂಟೆಯೊಳಗೆ ಉತ್ತರ. ಇನ್ನೊಂದು ಟ್ರೂನ್ಯಾಟ್. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪುಗೊಂಡು ಗೋವಾದ ಮಾಲ್‌ಬಯೋ ಕಂಪನಿಯಿಂದ ಬರುವ ಇದು ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ಇದಕ್ಕೂ ಆ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಎರಡೂ ಸಾಮಾನ್ಯ ಔಷಧಿಗೆ ಬಗ್ಗದ ಟಿಬಿಯನ್ನೂ ಗುರುತಿಸುತ್ತವೆ. ಎರಡರ ಒಳಗೂ ಶುದ್ಧಿಯ ಕೆಲಸ ಮುಚ್ಚಿದ ಕ್ಯಾಟ್ರಿಜ್‌ನಲ್ಲಿ ತಾನಾಗೇ ನಡೆಯುತ್ತದೆ. ಆ ಕ್ಯಾಟ್ರಿಜ್ ದುಬಾರಿ, ದಾಸ್ತಾನು ಮುಗಿದರೆ ಯಂತ್ರ ಸುಮ್ಮನೆ ಕೂರುತ್ತದೆ. ಕರೆಂಟಿನ ವಿಧಾನ ನೆಲಕ್ಕಿಳಿದರೆ ಅದರ ಲಾಭ ಇಲ್ಲೇ ಆಗಬಹುದು ಅಂತ ನಮಗನ್ನಿಸುತ್ತದೆ. ಕೊಳ್ಳಬೇಕಾದ ಸಾಮಾನು ಕಡಿಮೆ, ಕಾಯಬೇಕಾದ ಹೊತ್ತು ಕಡಿಮೆ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಧೂಳು ಮುಚ್ಚಲಿಲ್ಲ. ಜಿಲ್ಲೆಯಲ್ಲಿ ಜಲ್ಲಿ ಕ್ರಷರ್‌ಗಳಿವೆ, ಗ್ರಾನೈಟ್ ಕೊಯ್ಯುವವರಿದ್ದಾರೆ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವ ಮನೆತನಗಳಿವೆ. ಗಣಿಯಲ್ಲಿ ದುಡಿದ ಹಿರಿಯರೂ ನಮ್ಮ ನಡುವೆ ಇದ್ದಾರೆ. ಅವರ ಕೆಮ್ಮನ್ನು ಮನೆಯವರು 'ಅದು ಹಳೇ ಗಣಿ ಕೆಮ್ಮು' ಅಂತ ಬಿಟ್ಟುಬಿಡುತ್ತಾರೆ. ಅದು ಹಳೆಯದೇ ಇರಬಹುದು, ಅದರ ಮೇಲೆ ಹೊಸದೂ ಕೂತಿರಬಹುದು.

ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ. ಔಷಧಿಯೂ ಪುಕ್ಕಟೆ. ಟಿಬಿ ಇದ್ದರೆ ಔಷಧಿ ನಡೆಯುವಷ್ಟು ದಿನ ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರಿಗೆ ಮುಂಚೆ ಅದು 500 ಇತ್ತು. ವಿಚಾರಿಸಲು 1800-11-6666 ನಂಬರಿಗೆ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ 'ಇಲ್ಲ' ಅಂತ ಬಂದರೂ ಸಿಬಿನಾಟ್ ಅಥವಾ ಟ್ರೂನ್ಯಾಟ್ ಮಾಡಿಸಬಹುದೇ ಎಂದು ಕೇಳಿ. ಡಬ್ಬಿಗೆ ಬಾಯಿಯ ಎಂಜಲು ಹಾಕಿದರೆ ಯಾವ ಯಂತ್ರವೂ ಏನೂ ಹೇಳಲಾರದು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ದೀರ್ಘ ಉಸಿರು ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಗಣಿಯಲ್ಲೋ ಕ್ರಷರಿನಲ್ಲೋ ಎಷ್ಟು ವರ್ಷ ಕೆಲಸ ಮಾಡಿದ್ದು ಎಂಬುದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.